ಹೇಳದೆ ಬಿಟ್ಟ ಮಾತು

ಬಸ್ ನಿಲ್ದಾಣದ ಗೋಡೆಯ ಮೇಲೆ “ಕಿಸೆಗಳ್ಳರಿದ್ದಾರೆ, ಎಚ್ಚರಿಕೆ!” ಎಂಬ ಬರಹವನ್ನು ಕಾಣದವರು ವಿರಳ. ಅದರಲ್ಲಿರುವುದು ಎರಡೇ ಪದ. ಆದರೆ ಅದನ್ನು ಬರೆಯಿಸಿದವರು ಆ ಎರಡು ಪದಗಳ ಹಿಂದೆ ಎಷ್ಟೋ ಸಂಗತಿಗಳನ್ನು ಮನಸ್ಸಿನಲ್ಲಿಯೇ ಒಪ್ಪಿಕೊಂಡಿದ್ದಾರೆ. ಪ್ರಯಾಣಿಕರಲ್ಲಿ ಹಲವರಿಗೆ ಓದು ಬರುತ್ತದೆ. ಅವರ ಬಳಿ ಕಳೆದುಕೊಳ್ಳತಕ್ಕ ಹಣವೋ ವಸ್ತುವೋ ಇರುತ್ತದೆ. ಓದಿದವರು ಜೇಬಿನ ಮೇಲೊಂದು ಕೈಯಿಟ್ಟುಕೊಂಡು ಜಾಗರೂಕರಾಗಬಲ್ಲರು. ಹಾಗೆ ಜಾಗರೂಕರಾದರೆ ಕಳವು ತಪ್ಪೀತು. ಇವುಗಳಲ್ಲಿ ಒಂದನ್ನೂ ಗೋಡೆಯ ಮೇಲೆ ಬರೆದಿಲ್ಲ. ಬರೆಯದಿದ್ದರೂ ಇವಿಲ್ಲದೆ ಆ ಬರಹಕ್ಕೆ ಅರ್ಥವಿಲ್ಲ. ಯಾರಿಗೂ ಓದು ಬಾರದ ಊರಿನಲ್ಲಿ ಅಂಥದೊಂದು ಸಾಲನ್ನು ಬರೆಯಿಸಿದರೆ ಬಣ್ಣ ದಂಡ, ಕೂಲಿಯೂ ದಂಡ.

ಒಂದು ಮಾತು ನಿಲ್ಲುವುದಕ್ಕೆ ಅವಶ್ಯವಾಗಿದ್ದೂ ಬಾಯಿಬಿಟ್ಟು ಹೇಳದೆ ಉಳಿದ ಇಂಥ ಸಂಗತಿಗೆ ‘ಗೃಹೀತ’ವೆಂದು ಹೆಸರು. ಗೃಹೀತವೆಂದರೆ ಹಿಡಿದುಕೊಂಡದ್ದು, ಮೊದಲೇ ಕೈಗೆ ತೆಗೆದುಕೊಂಡದ್ದು. ಪ್ರಶ್ನೆಪತ್ರಿಕೆಗಳಲ್ಲಿ ಇದನ್ನು ‘ಊಹೆ’ ಎಂದು ಅಚ್ಚುಮಾಡುವುದೂ ಉಂಟು. ಆ ಪದ ಇಲ್ಲಿಗೆ ಅಷ್ಟು ಹೊಂದುವುದಿಲ್ಲ. ಊಹೆ ಎಂದೊಡನೆ ವಿದ್ಯಾರ್ಥಿಯು ಇರಬಹುದಾದುದನ್ನೆಲ್ಲ ತಾನೇ ಊಹಿಸಲು ಹೊರಡುತ್ತಾನೆ. ಪ್ರಶ್ನೆ ಕೇಳುವುದು ಓದುವವನು ಏನನ್ನು ಊಹಿಸಬಲ್ಲನೆಂದಲ್ಲ. ಹೇಳಿದವನು ಏನನ್ನು ನೆಚ್ಚಿ ಹಾಗೆ ಹೇಳಿದನೆಂದು. ಈ ಭೇದವನ್ನು ಕಾಣದೆ ಬುದ್ಧಿವಂತರಾದ ಮಕ್ಕಳೇ ಅಂಕ ಕಳೆದುಕೊಳ್ಳುತ್ತಾರೆ. ಅವರಿಗೆ ಊಹಿಸುವ ಶಕ್ತಿ ಹೆಚ್ಚು.

ಹೇಳಬೇಕಾದುದನ್ನೆಲ್ಲ ಹೇಳಿಬಿಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಹಾಗೆ ಹೇಳಹೊರಟರೆ ಮಾತು ಮುಗಿಯುವುದಿಲ್ಲ. “ಮಳೆ ಬರುವ ಹಾಗಿದೆ, ಕೊಡೆ ತೆಗೆದುಕೊಂಡು ಹೋಗು” ಎನ್ನುವ ತಾಯಿ, ಮಳೆಯಲ್ಲಿ ಮೈ ನೆನೆಯುವುದೆಂದೂ, ನೆನೆದರೆ ನೆಗಡಿಯಾದೀತೆಂದೂ, ಮನೆಯಲ್ಲಿ ಕೊಡೆಯಿದೆಯೆಂದೂ, ಅದು ತೂತು ಬಿದ್ದಿಲ್ಲವೆಂದೂ ವಿವರಿಸುತ್ತ ನಿಂತರೆ ಅಷ್ಟರಲ್ಲಿ ಮಳೆಯೇ ಬಂದುಬಿಡುತ್ತದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿದ್ದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಭಾಷಣಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ಗಮನಿಸಿದ್ದಾನೆ. ಡೋರಿಯಸ್ ಎಂಬ ಮಲ್ಲನು ಕಿರೀಟದ ಸ್ಪರ್ಧೆಯಲ್ಲಿ ಗೆದ್ದವನೆಂದು ತೋರಿಸುವುದಕ್ಕೆ ಅವನು ಒಲಿಂಪಿಕ್ ಕ್ರೀಡೆಗಳಲ್ಲಿ ಗೆದ್ದನೆಂದರೆ ಸಾಕು. ಒಲಿಂಪಿಕ್ ಕ್ರೀಡೆಗಳ ಬಹುಮಾನ ಕಿರೀಟವೆಂದು ಸೇರಿಸಬೇಕಾಗಿಲ್ಲ, ಅದು ಎಲ್ಲರಿಗೂ ಗೊತ್ತು ಎಂಬುದು ಅವನ ಉದಾಹರಣೆ. ಹೇಳದೆ ಬಿಟ್ಟ ಮಾತನ್ನು ಕೇಳುವವನೇ ತುಂಬಿಕೊಳ್ಳುತ್ತಾನೆ. ಅನುಕೂಲವಿರುವುದೂ ಅಲ್ಲಿಯೇ, ಅಪಾಯವಿರುವುದೂ ಅಲ್ಲಿಯೇ. ತಾನೇ ತುಂಬಿಕೊಂಡ ಮಾತನ್ನು ಪರೀಕ್ಷಿಸಿ ನೋಡುವ ಅಭ್ಯಾಸ ಮನುಷ್ಯನಿಗೆ ಕಡಿಮೆ.

ಇಂದಿನ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಗೃಹೀತವನ್ನು ಗುರುತಿಸುವ ಪ್ರಶ್ನೆಗಳಿಗೆ ಗಣ್ಯವಾದ ಸ್ಥಾನವಿದೆ. ಬ್ಯಾಂಕುಗಳ ನೇಮಕಾತಿ ಪರೀಕ್ಷೆಗಳಲ್ಲಿ ಇವು ಬಹುಕಾಲದಿಂದ ಬಂದಿವೆ. ಕೇಂದ್ರ ಲೋಕಸೇವಾ ಆಯೋಗವು ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ 2011ರಲ್ಲಿ ಅಳವಡಿಸಿದ ಎರಡನೆಯ ಪತ್ರಿಕೆಯಲ್ಲಿಯೂ ಗದ್ಯಭಾಗವೊಂದನ್ನು ಕೊಟ್ಟು, ಅದರ ಹಿಂದಿರುವ ಗೃಹೀತಗಳಾವುವೆಂದು ಕೇಳುವುದುಂಟು. ಅಂಥ ಪ್ರಶ್ನೆಯ ಒಂದು ಮಾದರಿಯನ್ನು ಇಲ್ಲಿ ನೋಡಬಹುದು. ಹಳ್ಳಿಯೊಂದರ ಪ್ರೌಢಶಾಲೆಯ ಸೂಚನಾಫಲಕದಲ್ಲಿ ಮುಖ್ಯೋಪಾಧ್ಯಾಯರು ಹೀಗೆ ಬರೆಯಿಸಿದ್ದಾರೆಂದು ಇಟ್ಟುಕೊಳ್ಳಬೇಕು:

“ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದ ಅಂಕಗಳು ಕಡಿಮೆಯಾಗಿವೆ. ಆದಕಾರಣ ಸೋಮವಾರದಿಂದ ಪ್ರತಿದಿನವೂ ಬೆಳಿಗ್ಗೆ 8-30ಕ್ಕೆ ವಿಜ್ಞಾನದ ವಿಶೇಷ ತರಗತಿ ನಡೆಯುವುದು.”

ಇದರ ಕೆಳಗೆ ಐದು ವಾಕ್ಯಗಳನ್ನು ಕೊಟ್ಟು, ಇವುಗಳಲ್ಲಿ ಗೃಹೀತಗಳಾವುವು ಎಂದು ಕೇಳಿದೆ. (ಅ) ಪಾಠದ ವೇಳೆ ಹೆಚ್ಚಿದರೆ ಅಂಕಗಳು ಹೆಚ್ಚಬಹುದು. (ಆ) ವಿದ್ಯಾರ್ಥಿಗಳು ಆ ಹೊತ್ತಿಗೆ ಶಾಲೆಗೆ ಬರಬಲ್ಲರು. (ಇ) ವಿಜ್ಞಾನವು ಉಳಿದ ವಿಷಯಗಳಿಗಿಂತ ಶ್ರೇಷ್ಠವಾದುದು. (ಈ) ಅಂಕ ಹೆಚ್ಚಿಸುವುದಕ್ಕೆ ವಿಶೇಷ ತರಗತಿಯೊಂದೇ ದಾರಿ. (ಉ) ಪ್ರಯೋಗಗಳನ್ನು ಕೈಯಾರೆ ಮಾಡಿದರೆ ವಿಜ್ಞಾನ ಚೆನ್ನಾಗಿ ಮನದಟ್ಟಾಗುತ್ತದೆ.

ಇಲ್ಲಿ ಕೊನೆಯ ವಾಕ್ಯವು ನಿಜವಾದ ಮಾತು. ನಿಜವೆಂಬ ಕಾರಣಕ್ಕಾಗಿಯೇ ಬಹುಮಂದಿ ಅದಕ್ಕೆ ಗುರುತು ಹಾಕಿ ಬರುತ್ತಾರೆ. ಆದರೆ ಸೂಚನೆಯನ್ನು ಬರೆಯಿಸಿದವರು ಅದನ್ನು ನೆಚ್ಚಿಲ್ಲ. ಅವರ ವಿಶೇಷ ತರಗತಿಯಲ್ಲಿ ಒಂದು ಪ್ರನಾಳವೂ ಹೊರಗೆ ಬಾರದಿರಬಹುದು. ಒಂದು ಮಾತು ನಿಜವೋ ಸುಳ್ಳೋ ಎಂಬುದು ಬೇರೆ, ಅದು ಅಲ್ಲಿಗೆ ಬೇಕೋ ಬೇಡವೋ ಎಂಬುದು ಬೇರೆ. ಸುಳ್ಳಾದ ಸಂಗತಿಯೂ ಗೃಹೀತವಾಗಿರಬಹುದು. ಸುಳ್ಳಾದ ಗೃಹೀತವನ್ನು ಕಂಡುಹಿಡಿಯುವುದೇ ಈ ಅಭ್ಯಾಸದ ಹೆಚ್ಚಿನ ಪ್ರಯೋಜನ.

ಬೇಕೋ ಬೇಡವೋ ಎಂಬುದನ್ನು ತಿಳಿಯಲು ಒಂದು ಸುಲಭವಾದ ಉಪಾಯವಿದೆ. ಕೊಟ್ಟ ವಾಕ್ಯವನ್ನು ಅಲ್ಲಗಳೆದು ನೋಡಬೇಕು. ಕಂಬವನ್ನು ತೆಗೆದಾಗ ಮಾಡು ಕುಸಿದರೆ ಅದು ಆಧಾರದ ಕಂಬ. ಕುಸಿಯದಿದ್ದರೆ ಅದು ಸುಮ್ಮನೆ ಒರಗಿಸಿಟ್ಟ ಮರ. ಮೊದಲನೆಯ ವಾಕ್ಯವನ್ನು ಅಲ್ಲಗಳೆದರೆ, ಎಷ್ಟು ಹೊತ್ತು ಪಾಠ ಮಾಡಿದರೂ ಅಂಕಗಳು ಹೆಚ್ಚುವುದಿಲ್ಲ ಎಂದಾಗುತ್ತದೆ; ಆಗ ಸೂಚನೆಗೆ ಅರ್ಥವೇ ಉಳಿಯುವುದಿಲ್ಲ. ಅದು ಗೃಹೀತ. ಮೂರನೆಯದನ್ನು ಅಲ್ಲಗಳೆದರೆ ಸೂಚನೆಗೆ ಯಾವ ಬಾಧೆಯೂ ಇಲ್ಲ. ಸರಿಸಮವಾದ ವಿಷಯದಲ್ಲಿ ಹಿಂದುಳಿದರೂ ವಿಶೇಷ ತರಗತಿ ನಡೆಸಬಹುದು. ನಾಲ್ಕನೆಯದರ ಗತಿಯೂ ಅದೇ. ಬೇರೆ ದಾರಿಗಳಿದ್ದರೂ ಈ ದಾರಿಯನ್ನು ಹಿಡಿಯುವುದಕ್ಕೆ ಅಡ್ಡಿಯೇನು?

ನಾಲ್ಕನೆಯ ವಾಕ್ಯಕ್ಕೆ ಮರುಳಾಗುವವರು ಹೆಚ್ಚು. ‘ಒಂದೇ’, ‘ಮಾತ್ರ’, ‘ಯಾವಾಗಲೂ’ ಎಂಬ ಪದಗಳಿಗೆ ಒಂದು ಗತ್ತು ಇದೆ; ಗತ್ತಿನಿಂದ ಹೇಳಿದ್ದು ಸರಿಯೆಂದು ತೋರುತ್ತದೆ. ಇದಕ್ಕೆ ಮದ್ದೆಂದು, ಅಂಥ ಪದವಿದ್ದ ವಾಕ್ಯವನ್ನು ಕಣ್ಣು ಮುಚ್ಚಿ ತಳ್ಳಿಹಾಕಬೇಕೆಂದು ಕೆಲವು ಮಾರ್ಗದರ್ಶಿ ಪುಸ್ತಕಗಳು ಕಲಿಸುತ್ತವೆ. ಇದೂ ಸರಿಯಲ್ಲ. ಕಚೇರಿಯೊಂದರ ಕಪಾಟಿನಲ್ಲಿದ್ದ ಹಣ ಕಾಣೆಯಾಗಿದೆ. “ಬೀಗದ ಕೈ ಗುಮಾಸ್ತನ ಬಳಿ ಇತ್ತು, ಆದ್ದರಿಂದ ಹಣ ತೆಗೆದವನು ಗುಮಾಸ್ತನೇ” ಎಂದು ಅಧಿಕಾರಿಯು ನಿರ್ಣಯಿಸುತ್ತಾನೆ. ಅವನು ನೆಚ್ಚಿರುವುದು ಏನನ್ನು? ಗುಮಾಸ್ತನೊಬ್ಬನ ಬಳಿ ಮಾತ್ರ ಬೀಗದ ಕೈ ಇತ್ತು, ಕೈಯಿಲ್ಲದೆ ಆ ಕಪಾಟನ್ನು ಯಾರೂ ಎಂದೂ ತೆರೆಯಲಾರರು ಎಂಬುದನ್ನು. ಇಲ್ಲಿ ‘ಮಾತ್ರ’ವನ್ನು ತೆಗೆದರೆ ಇಡೀ ನಿರ್ಣಯ ಬಿದ್ದುಹೋಗುತ್ತದೆ. ತೀರ್ಮಾನದಲ್ಲಿ ಗಟ್ಟಿತನ ಎಷ್ಟಿದೆಯೋ ಗೃಹೀತದಲ್ಲಿಯೂ ಅಷ್ಟು ಗಟ್ಟಿತನ ಬೇಕಾಗುತ್ತದೆ. ಎರಡನೆಯ ಬೀಗದ ಕೈಯೊಂದು ಇದ್ದಿತೇ ಎಂದು ಕೇಳುವವರು ಯಾರೂ ಇಲ್ಲದೆ ಹೋದರೆ ಒಬ್ಬ ನಿರಪರಾಧಿಯ ಅನ್ನ ಹೋಗುತ್ತದೆ.

ಇನ್ನು ಎರಡನೆಯ ವಾಕ್ಯ: ವಿದ್ಯಾರ್ಥಿಗಳು ಆ ಹೊತ್ತಿಗೆ ಬರಬಲ್ಲರು. ಇದನ್ನು ಅಲ್ಲಗಳೆಯುವಾಗ ಸ್ವಲ್ಪ ಜಾಗ್ರತೆ ಬೇಕು. ‘ಎಲ್ಲರೂ ಬರಬಲ್ಲರು’ ಎಂಬುದಕ್ಕೆ ವಿರುದ್ಧವಾದುದು ‘ಯಾರೂ ಬರಲಾರರು’ ಎಂಬುದಲ್ಲ, ‘ಕೆಲವರಾದರೂ ಬರಲಾರರು’ ಎಂಬುದು. ಯಾರೊಬ್ಬರೂ ಬರದಿದ್ದರೆ ತರಗತಿಯೇ ಇಲ್ಲ. ಅದು ಎಲ್ಲರಿಗೂ ಕಾಣುತ್ತದೆ. ಕೆಲವರು ಬರಲಾಗದಿದ್ದರೆ? ತರಗತಿ ನಡೆಯುತ್ತದೆ, ಪಾಠವೂ ಆಗುತ್ತದೆ; ಬಾರದವರ ಅಂಕಗಳು ಮಾತ್ರ ಇದ್ದಲ್ಲಿಯೇ ಉಳಿಯುತ್ತವೆ. ಮಾಡು ಪೂರ್ತಿ ಕುಸಿಯದೆ ಒಂದು ಮೂಲೆಯಲ್ಲಿ ಜಗ್ಗಿದಂತೆ. ಆ ಮೂಲೆಯ ವಿಚಾರಕ್ಕೆ ಮತ್ತೆ ಬರಬೇಕಾಗಿದೆ.

ಹೇಳದೆ ಬಿಟ್ಟ ಮಾತನ್ನು ಬೆಳಕಿಗೆ ತರುವ ವಿದ್ಯೆ ಭಾರತದಲ್ಲಿ ಬಹಳ ಹಿಂದೆಯೇ ಬೆಳೆದಿತ್ತು. ದೇವದತ್ತನೆಂಬುವನು ದಪ್ಪಗೆ ಬೆಳೆದಿದ್ದಾನೆ, ಆದರೆ ಹಗಲಿನಲ್ಲಿ ಊಟ ಮಾಡುವುದಿಲ್ಲ. ಹಾಗಾದರೆ ಅವನು ರಾತ್ರಿ ಉಣ್ಣುತ್ತಿರಬೇಕು ಎಂಬುದು ಮೀಮಾಂಸಕರ ಪ್ರಸಿದ್ಧ ಉದಾಹರಣೆ. ಎರಡು ಸಂಗತಿಗಳು ಒಟ್ಟಿಗೆ ನಿಲ್ಲಬೇಕಾದರೆ ಮೂರನೆಯದೊಂದನ್ನು ಒಪ್ಪಲೇಬೇಕಾಗುವ ಈ ಬಗೆಯ ತಿಳಿವಿಗೆ ಅವರು ‘ಅರ್ಥಾಪತ್ತಿ’ ಎಂದು ಹೆಸರಿಟ್ಟು, ಅದನ್ನು ಒಂದು ಸ್ವತಂತ್ರ ಪ್ರಮಾಣವೆಂದೇ ಎಣಿಸಿದರು. ಉಪವಾಸವಿದ್ದು ಯಾರೂ ದಪ್ಪಗಾಗಲಾರರು ಎಂಬುದು ಇಲ್ಲಿಯ ಗೃಹೀತ. ದೇವದತ್ತನ ದೇಹ ಬಾವಿನಿಂದ ಊದಿಕೊಂಡಿದ್ದರೆ ಏನು ಮಾಡುವುದೆಂದು ಇಂದಿನ ವೈದ್ಯನು ಕೇಳಿಯಾನು. ಕೇಳತಕ್ಕ ಪ್ರಶ್ನೆಯೇ ಅದು.

ನೈಯಾಯಿಕರದು ಇನ್ನೂ ಕಟ್ಟುನಿಟ್ಟಾದ ದಾರಿ. ಇನ್ನೊಬ್ಬರಿಗೆ ಒಂದು ಅನುಮಾನವನ್ನು ಮನಗಾಣಿಸುವಾಗ ಐದು ಅವಯವಗಳನ್ನು ಹೇಳಬೇಕೆಂದು ಗೌತಮನ ನ್ಯಾಯಸೂತ್ರಗಳು ವಿಧಿಸುತ್ತವೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಅಲ್ಲಿ ಹೊಗೆ ಕಾಣುತ್ತಿದೆ. ಸಾಮಾನ್ಯನ ಮಾತು ಇಷ್ಟಕ್ಕೆ ನಿಲ್ಲುತ್ತದೆ. ನೈಯಾಯಿಕನಾದರೋ ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎಂದು ಮೂರನೆಯ ಅವಯವವನ್ನು ಸೇರಿಸುತ್ತಾನೆ. ಹೊಗೆಗೂ ಬೆಂಕಿಗೂ ಇರುವ ಈ ಬಿಡದ ನಂಟಿಗೆ ‘ವ್ಯಾಪ್ತಿ’ ಎಂದು ಹೆಸರು. ಸಾಮಾನ್ಯನು ಹೇಳದೆ ನುಂಗಿದ್ದ ಮಾತನ್ನು ಹೀಗೆ ಹೊರಗೆ ತಂದು ಎಲ್ಲರೆದುರಿಗೆ ಇಟ್ಟಮೇಲೆ, ಒಪ್ಪದವನು ಅದಕ್ಕೆ ಕೈಹಾಕಿ ಪರೀಕ್ಷಿಸಬಹುದು.

ಪರೀಕ್ಷಿಸುವ ಬಗೆಯನ್ನೂ ಅವರೇ ತೋರಿಸಿದ್ದಾರೆ. ಅನುಮಾನವನ್ನು ತಿರುಗುಮುರುಗಾಗಿಸಿ, ಬೆಟ್ಟದಲ್ಲಿ ಬೆಂಕಿಯಿರುವುದರಿಂದ ಹೊಗೆಯೂ ಇರಬೇಕು ಎಂದರೆ ಒಪ್ಪಬಹುದೇ? ಒಪ್ಪಲಾಗದು. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಲು ಬೆಂಕಿಯೊಂದೇ ಸಾಲದು, ಹಸಿಯ ಸೌದೆಯೂ ಬೇಕು. ಮಾತಿನೊಳಗೆ ಕಾಣದಂತೆ ಸೇರಿಕೊಂಡಿದ್ದ ಈ ಹಸಿಯ ಸೌದೆಗೆ ನೈಯಾಯಿಕರು ‘ಉಪಾಧಿ’ ಎಂದರು. ಒಲೆಯ ಮುಂದೆ ಕುಳಿತು ಹೊಗೆ ಕುಡಿದವರಿಗೆ ಈ ಉದಾಹರಣೆಯನ್ನು ವಿವರಿಸಬೇಕಾಗಿಲ್ಲ.

ಇಷ್ಟು ಎಚ್ಚರ ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಸಿದ್ಧಿಸಿದ್ದಲ್ಲ. ತರ್ಕಶುದ್ಧಿಗೆ ಹೆಸರಾದ ಗ್ರಂಥವೊಂದರ ಮೊಟ್ಟಮೊದಲ ಸಾಧನೆಯಲ್ಲಿಯೇ ಹೇಳದೆ ಬಿಟ್ಟ ಮಾತೊಂದು ಅಡಗಿದೆ. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಯೂಕ್ಲಿಡನು ಐದು ಆಧಾರಪ್ರತಿಜ್ಞೆಗಳನ್ನೂ ಕೆಲವು ಸ್ವಯಂಸಿದ್ಧಗಳನ್ನೂ ಬರೆದಿಟ್ಟು, ಉಳಿದುದನ್ನೆಲ್ಲ ಅವುಗಳಿಂದಲೇ ಸಾಧಿಸಹೊರಟನು. ಮೊದಲನೆಯ ಪ್ರಮೇಯ: ಕೊಟ್ಟ ಸರಳರೇಖೆಯ ಮೇಲೆ ಸಮಬಾಹು ತ್ರಿಭುಜವನ್ನು ರಚಿಸುವುದು. ಕಖ ಎಂಬ ರೇಖೆಯಿದೆ. ಕ ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು ಖ ಮೂಲಕ ಹಾಯುವ ವೃತ್ತವನ್ನೂ, ಖ ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು ಕ ಮೂಲಕ ಹಾಯುವ ವೃತ್ತವನ್ನೂ ಎಳೆಯಬೇಕು. ಅವು ಒಂದನ್ನೊಂದು ಕತ್ತರಿಸುವ ಬಿಂದು ಗ. ಕಗ, ಖಗ ಸೇರಿಸಿದರೆ ತ್ರಿಭುಜ ಸಿದ್ಧ.

ಎರಡು ಸಾವಿರ ವರ್ಷಗಳ ಕಾಲ ವಿದ್ಯಾರ್ಥಿಗಳು ಇದನ್ನು ಕಲಿತರು. ಆದರೆ ಆ ಎರಡು ವೃತ್ತಗಳು ಒಂದು ಬಿಂದುವಿನಲ್ಲಿ ಸಂಧಿಸಿಯೇ ತೀರುತ್ತವೆಂದು ಹೇಳಿದವರು ಯಾರು? ಯೂಕ್ಲಿಡನ ಐದು ಆಧಾರಪ್ರತಿಜ್ಞೆಗಳಲ್ಲಿ ಆ ಮಾತಿಲ್ಲ. ಚಿತ್ರದಲ್ಲಿ ಅವು ಕತ್ತರಿಸುವುದು ಕಾಣುತ್ತದೆ. ತರ್ಕ ಹೇಳದಿದ್ದುದನ್ನು ಕಣ್ಣು ತುಂಬಿಕೊಂಡಿತು. ಇದು ಬರಿಯ ಕೊಂಕಲ್ಲ. ಕಖ ರೇಖೆಯ ಉದ್ದ 2 ಎಂದಾದರೆ ತ್ರಿಭುಜದ ಎತ್ತರ √3. ಅದು ಅಭಾಗಲಬ್ಧ ಸಂಖ್ಯೆಯೆಂಬುದನ್ನು ಒಂಬತ್ತನೆಯ ತರಗತಿಯವರು ಬಲ್ಲರು. ಭಾಗಲಬ್ಧ ಸಂಖ್ಯೆಗಳಿಂದ ಗುರುತಿಸಬಹುದಾದ ಬಿಂದುಗಳಷ್ಟೇ ಇರುವ ಒಂದು ಸಮತಲವನ್ನು ಕಲ್ಪಿಸಿಕೊಂಡರೆ, ಗ ಇರಬೇಕಾದ ಕಡೆಯಲ್ಲಿ ಬಿಂದುವೇ ಇರುವುದಿಲ್ಲ. ಎರಡು ವೃತ್ತಗಳೂ ಒಂದನ್ನೊಂದು ಮುಟ್ಟದೆ ದಾಟಿಹೋಗುತ್ತವೆ. ಜ್ಯಾಮಿತಿಯ ಇಂಥ ಮರೆಯ ಗೃಹೀತಗಳನ್ನು ಒಂದೊಂದಾಗಿ ಹೊರಗೆಳೆದು ಬರೆದಿಡುವ ಕೆಲಸದಲ್ಲಿ 1882ರಲ್ಲಿ ಮೊರಿಟ್ಸ್ ಪಾಶ್ ಎಂಬ ಜರ್ಮನ್ ಗಣಿತಜ್ಞನೂ, 1899ರಲ್ಲಿ ಡೇವಿಡ್ ಹಿಲ್ಬರ್ಟನೂ ತೊಡಗಿದರು. ಯೂಕ್ಲಿಡನ ತ್ರಿಭುಜ ಬಿದ್ದುಹೋಗಲಿಲ್ಲ. ಅದು ಯಾವುದರ ಮೇಲೆ ನಿಂತಿದೆಯೆಂಬುದು ತಿಳಿಯಿತು.

ತ್ರಿಭುಜದ ವಿಷಯದಲ್ಲಿ ತಿಳಿವು ತಡವಾದರೂ ಯಾರಿಗೂ ಪ್ರಾಣಾಪಾಯವಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮುಂದೆ ಬಂದ ಪ್ರಶ್ನೆಯೊಂದು ಹಾಗಿರಲಿಲ್ಲ. ಶತ್ರುಗಳ ಗುಂಡಿನ ದಾಳಿಗೆ ಸಿಕ್ಕ ವಿಮಾನಗಳಲ್ಲಿ ಕೆಲವು ಹಿಂದಿರುಗುತ್ತಿದ್ದವು, ಕೆಲವು ಹಿಂದಿರುಗುತ್ತಿರಲಿಲ್ಲ. ಹಿಂದಿರುಗಿದವುಗಳ ಮೈಮೇಲೆ ಗುಂಡು ತಗುಲಿದ ಗುರುತುಗಳನ್ನು ಎಣಿಸಬಹುದಾಗಿತ್ತು. ವಿಮಾನಕ್ಕೆಲ್ಲ ಉಕ್ಕಿನ ಕವಚ ತೊಡಿಸಿದರೆ ಅದು ಭಾರದಿಂದ ಹಾರಲಾರದು. ಯಾವ ಭಾಗಕ್ಕೆ ತೊಡಿಸಬೇಕು? ಗುರುತುಗಳು ಹೆಚ್ಚಾಗಿರುವ ಭಾಗಕ್ಕೆ ಎಂಬ ಉತ್ತರ ಥಟ್ಟನೆ ನಾಲಗೆಗೆ ಬರುತ್ತದೆ. ಹಿಂದಿರುಗಿದ ವಿಮಾನಗಳು ಹೇಗಿವೆಯೋ ಹಿಂದಿರುಗದವೂ ಹಾಗೆಯೇ ಇದ್ದವು ಎಂಬುದು ಆ ಉತ್ತರದ ಗೃಹೀತ.

ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರ ಸಂಶೋಧನಾ ತಂಡದಲ್ಲಿದ್ದ ಅಬ್ರಹಾಂ ವಾಲ್ಡ್ ಈ ಸಮಸ್ಯೆಯನ್ನು ಕುರಿತು 1943ರಲ್ಲಿ ಕೆಲವು ವರದಿಗಳನ್ನು ಬರೆದನು. 1902ರಲ್ಲಿ ಅಂದಿನ ಆಸ್ಟ್ರಿಯಾ-ಹಂಗೆರಿಯಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಹುಟ್ಟಿ, 1938ರಲ್ಲಿ ಅಮೆರಿಕಕ್ಕೆ ಬಂದು ನೆಲಸಿದ ಗಣಿತಜ್ಞನೀತ. ಅವನು ಕಣ್ಣಿಗೆ ಕಾಣದ ವಿಮಾನಗಳನ್ನು ಲೆಕ್ಕಕ್ಕೆ ತಂದುಕೊಂಡನು. ಬಾನಿನಲ್ಲಿ ಗುಂಡುಗಳು ಎಲ್ಲ ಭಾಗಗಳಿಗೂ ತಗುಲುತ್ತವೆ. ಹಿಂದಿರುಗಿದ ವಿಮಾನಗಳಲ್ಲಿ ಒಂದು ಭಾಗದಲ್ಲಿ ಗುರುತುಗಳು ಇರಬೇಕಾದುದಕ್ಕಿಂತ ಕಡಿಮೆಯಾಗಿದ್ದರೆ, ಆ ಭಾಗಕ್ಕೆ ಪೆಟ್ಟು ಬಿದ್ದವು ಹಿಂದಿರುಗಲಿಲ್ಲವೆಂದು ತಿಳಿಯಬೇಕಲ್ಲದೆ, ಅಲ್ಲಿಗೆ ಪೆಟ್ಟು ಬೀಳುವುದಿಲ್ಲವೆಂದಲ್ಲ. ಅವನು ಮಾದರಿಗಾಗಿ ಮಾಡಿ ತೋರಿಸಿದ ಲೆಕ್ಕದಲ್ಲಿ ಎಂಜಿನ್ ಇರುವ ಭಾಗವೇ ಎಲ್ಲಕ್ಕಿಂತ ಅಪಾಯದ್ದೆಂದು ಬಂದಿತು.

ಈ ಪ್ರಸಂಗವನ್ನು ಇಂದು ಬಗೆಬಗೆಯಾಗಿ ಬಣ್ಣಿಸಿ, ನಾಟಕದಂತೆ ಹೇಳುವವರಿದ್ದಾರೆ. ವಾಲ್ಡನ ವರದಿಗಳು ಮಾತ್ರ ಸಮೀಕರಣಗಳಿಂದ ತುಂಬಿದ ಒಣ ಬರಹಗಳು. ಆದರೆ ಅವುಗಳಲ್ಲಿ ಗಮನಿಸತಕ್ಕ ಗುಣವೊಂದಿದೆ. ಗುಂಡು ತಗುಲದ ವಿಮಾನವು ಹಿಂದಿರುಗಿಯೇ ಇರುತ್ತದೆಂದೂ, ಒಂದು ಗುಂಡು ವಿಮಾನವನ್ನು ಕೆಡಹುವ ಸಂಭವವು ಅದಕ್ಕೆ ಮೊದಲು ತಗುಲಿದ್ದ ಗುಂಡುಗಳ ಸಂಖ್ಯೆಯನ್ನು ಅವಲಂಬಿಸಿಲ್ಲವೆಂದೂ ಅವನು ತನ್ನ ಗೃಹೀತಗಳನ್ನು ಬರೆದಿಟ್ಟೇ ಲೆಕ್ಕಕ್ಕೆ ತೊಡಗುತ್ತಾನೆ. ಗೃಹೀತವಿಲ್ಲದೆ ಅವನಿಗೂ ಒಂದು ಹೆಜ್ಜೆ ಇಡುವುದು ಸಾಧ್ಯವಿರಲಿಲ್ಲ. ಬರೆದಿಟ್ಟದ್ದರಿಂದ ಅದು ತಪ್ಪೆಂದು ಕಂಡವನು ತಿದ್ದಬಹುದಾಗಿತ್ತು. ಈ ವಾಲ್ಡನು ಭಾರತದಲ್ಲಿ ಉಪನ್ಯಾಸಗಳಿಗಾಗಿ ಸಂಚರಿಸುತ್ತಿದ್ದಾಗ, 1950ರ ಡಿಸೆಂಬರ್‌ನಲ್ಲಿ, ನೀಲಗಿರಿಯ ಬೆಟ್ಟಗಳಲ್ಲಿ ಆದ ವಿಮಾನ ಅಪಘಾತವೊಂದರಲ್ಲಿ ಪತ್ನಿಯೊಡನೆ ತೀರಿಕೊಂಡನು.

ಸೂಚನಾಫಲಕದ ಪ್ರೌಢಶಾಲೆಗೆ ಈಗ ಹಿಂದಿರುಗಬಹುದು. ವಿಶೇಷ ತರಗತಿ ಸೋಮವಾರ ಪ್ರಾರಂಭವಾಯಿತು. ನಲವತ್ತು ಮಂದಿಯಲ್ಲಿ ಇಪ್ಪತ್ತೊಂಬತ್ತು ಮಂದಿ ಬಂದರು. ಹನ್ನೊಂದು ಮಂದಿ ಬರಲಿಲ್ಲ, ಮರುದಿನವೂ ಬರಲಿಲ್ಲ. ವಿಜ್ಞಾನದ ಉಪಾಧ್ಯಾಯರು ಹಾಜರಿ ಪುಸ್ತಕವನ್ನು ಮುಂದಿಟ್ಟು, “ಇವರಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಸಾರ್” ಎಂದರು. ಆಸಕ್ತಿಯಿದ್ದವರೆಲ್ಲ ಬಂದೇ ಬರುತ್ತಾರೆ ಎಂಬ ಮಾತನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮುಖ್ಯೋಪಾಧ್ಯಾಯರು ನ್ಯಾಯವಂತರು. ಒಂದು ಮಾತು ಮಕ್ಕಳನ್ನೇ ಕೇಳಿಬಿಡೋಣವೆಂದು ಬುಧವಾರ ಬೆಳಿಗ್ಗೆ 8-30ಕ್ಕೆ ತಾವೇ ತರಗತಿಗೆ ಹೋದರು.

“ಈ ವೇಳೆ ಎಲ್ಲರಿಗೂ ಅನುಕೂಲವಾಗಿದೆಯೇನ್ರಪ್ಪಾ? ಅನುಕೂಲವಾಗಿರುವವರು ಕೈಯೆತ್ತಿ.”

ಇಪ್ಪತ್ತೊಂಬತ್ತು ಕೈಗಳೂ ಮೇಲೆದ್ದವು. ಒಂದು ಕೈಯೂ ಕೆಳಗುಳಿಯಲಿಲ್ಲ. ಅನುಕೂಲವಿಲ್ಲವೆಂದು ಹೇಳಬೇಕಾದ ಹನ್ನೊಂದು ಮಂದಿ ಆ ಹೊತ್ತಿನಲ್ಲಿ ಏಳು ಮೈಲಿ ದೂರದ ಕೈಮರದ ಬಳಿ, ಹೆಗಲಿಗೆ ಚೀಲ ಹಾಕಿಕೊಂಡು, ರಸ್ತೆಯ ತಿರುವಿನ ಕಡೆಗೆ ಕಣ್ಣಿಟ್ಟು ನಿಂತಿದ್ದರು. ಆ ದಾರಿಯಲ್ಲಿ ಮೊದಲನೆಯ ಬಸ್ಸು ಬರುವುದು 9-15ಕ್ಕೆ.